ಏಳು ಗಂಟೆಯ ಹಾಜರಿ

ಕೊಟ್ರಪ್ಪಣ್ಣ,

‘...ಮೂರು ದಿನ ಹಾಜರಿ ಇಲ್ಲಂದ್ರ ಮನೀ ಬಾಗ್ಲಾ ಬಡೀಬೇಕು’ ಎಂದೇನೋ ನೀವು ಹೇಳುತ್ತಿದ್ದಿರಿ. ಬಾಗಿಲು ಎನ್ನುತ್ತಿದ್ದಿರೋ, ಫೋನ್ ಹಚ್ಚಬೇಕು ಎನ್ನುತ್ತಿದ್ದಿರೋ, ಈಗ ಖಚಿತವಿಲ್ಲ. ಮೂರು ದಿನ ಎಂಬುದು ಮಾತ್ರ ಖಚಿತ. ಅನುಕೂಲಕ್ಕೆ ತಕ್ಕಂತೆ ಮರೆಯುವ ಮನುಷ್ಯ ನಾನು ಎಂದು ನೀವು ನಗಬಹುದು. ಹಾಗಿದ್ದರೆ ಆ ಮೂರನ್ನೇ ಮೊದಲು ಮರೆಯುತ್ತಿದ್ದೆ, ಅಲ್ಲವೇ?

ಹೊಸಪೇಟೆಯ ನಮ್ಮ ಎಫ್‌ಎಂ ಸ್ಟುಡಿಯೋದಲ್ಲಿ ನೀವು ಮೊದಲ ಸಲ ಮೈಕಿನ ಮುಂದೆ ಕುಳಿತ ಬೆಳಗು ನೆನಪಿದೆ. ಆಟೊಗೆ ಮೈಕು ಕಟ್ಟಿಕೊಂಡು ಸಿನಿಮಾ, ಸೀರೆ ಮಾರಾಟ, ಕಳೆದುಹೋದ ಮಕ್ಕಳು, ಎಲ್ಲವನ್ನೂ ಊರಿಗೆ ಸಾರಿದ ದನಿ ನಿಮ್ಮದು. ‘ನಮಸ್ಕಾರ’ ಎಂದು ನೀವು ಕೂಗಿದ ರಭಸಕ್ಕೆ ನಮ್ಮ ತಂತ್ರಜ್ಞ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟ. “ಅಣ್ಣಾ, ಇಲ್ಲಿ ಪಿಸುಗುಟ್ಟಿದರೂ ಸಂಡೂರಿಗೆ ಕೇಳಿಸುತ್ತದೆ” ಎಂದೆ. ನೀವು ಒಂದು ಕ್ಷಣ ಯೋಚಿಸಿ ಕೇಳಿದಿರಿ: “ಹಂಗಾರ ಸಂಡೂರಿನೋರು ಮಾತಾಡಿದ್ದು ನನಗ ಹೆಂಗ ಕೇಳ್ತೈತ್ರಿ?” ಕಾರ್ಯಕ್ರಮದ ಮುಖ್ಯಸ್ಥ ನಾನು. ಆ ಪ್ರಶ್ನೆ ನನಗೆ ಅದುವರೆಗೆ ಹೊಳೆದಿರಲಿಲ್ಲ.

ಮರುದಿನವೇ ಮನೆಯಿಂದ ಹಳೆಯ ಬಟನ್ ಫೋನ್ ಒಂದನ್ನೂ ಉದ್ದನೆಯ ರಿಜಿಸ್ಟರನ್ನೂ ತಂದಿರಿ. “ಏಳಕ್ಕ ಒಂದು ಮಿಸ್ಡ್ ಕಾಲ್ ಕೊಡ್ರಿ, ಹಾಜರಿ ಹಾಕ್ತೀನಿ.” ಹಾಡು ಓಡುತ್ತಿದ್ದಾಗ ಫೋನು ಗುರ್‍ಗುಟ್ಟುತ್ತಿತ್ತು, ನೀವು ಹೆಸರು ಗುರುತು ಮಾಡುತ್ತಿದ್ದಿರಿ. “ಕಂಪ್ಲಿ ರೈಸ್‌ಮಿಲ್ ಹುಲಿಗೆಮ್ಮ, ಹಾಜರ್. ಗಾದಿಗನೂರು ಲಾರಿ ಮಾಬು, ಹಾಜರ್. ಏನಲೇ ಮಾಬೂ, ನಿನ್ನಿ ಎಲ್ಲಿ ಸತ್ತಿದ್ದಿ?” ಒಮ್ಮೆ ಹುಲಿಗೆಮ್ಮ ಮೂರು ದಿನ ಕಾಣಲಿಲ್ಲ. ಜಾಹೀರಾತಿನ ನಡುವೆ ನೀವೇ ಅವಳ ಮಿಲ್ಲಿಗೆ ಫೋನ್ ಹಚ್ಚಿದಿರಿ. ಜಡ್ಡಲ್ಲ, ಜಗಳ. ಸೊಸೆ ಫೋನ್ ಕಸಿದಿಟ್ಟುಕೊಂಡಿದ್ದಳು. “ಹುಲಿಗೆಮ್ಮನ ಸೊಸೀ, ಫೋನ್ ಕೊಟ್ಟುಬಿಡವ್ವಾ. ಇಲ್ಲಂದ್ರ ದಿನಾ ನಿನ್ನ ಹೆಸ್ರು ಕೂಗ್ತೀನಿ ನೋಡು” ಎಂದಿರಿ, ಮೂರು ತಾಲ್ಲೂಕು ಕೇಳುವ ಹಾಗೆ. ನಾನು ಸ್ಟುಡಿಯೋದ ಗಾಜಿನ ಈಚೆ ಕುಳಿತು ಗಡಿಯಾರ ನೋಡುತ್ತಿದ್ದೆ. ನನಗೆ ಬರುತ್ತಿದ್ದದ್ದು ಅಷ್ಟೇ.

ಆಮೇಲೆ ಮೇಲಿನವರ ಆದೇಶ ಬಂದ ದಿನ. ಇನ್ನು ಬೆಳಗಿನ ಕಾರ್ಯಕ್ರಮ ಬೆಂಗಳೂರಿನಿಂದಲೇ, ಎಲ್ಲ ಊರಿಗೂ ಒಂದೇ ದನಿ. ಇಲ್ಲಿ ಉಳಿಯುವುದು ಒಂದು ಕಂಪ್ಯೂಟರು, ಸ್ಥಳೀಯ ಜಾಹೀರಾತು, ಅಷ್ಟೇ. ನಿಮಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಎರಡು ಮೂರು ಸಲ ತಿದ್ದಿದ್ದೆ. ಸದ್ದು ತಡೆಯಲು ಗೋಡೆಗೆ ಅಂಟಿಸಿದ್ದ ಸ್ಪಂಜನ್ನು ಆಗಲೇ ಕಿತ್ತು ಮೂಲೆಗೆ ಹಾಕಿದ್ದರು. ನೀವು ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಿರಿ. ನನ್ನ ಬಾಯಿಂದ ಬಂದದ್ದು: “ರಿಪೇರಿ ಅಣ್ಣಾ. ಒಂದು ತಿಂಗಳು.”

“ಮಾಡ್ಸ್ರಿ, ಮಾಡ್ಸ್ರಿ. ಆ ಕುರ್ಚಿನೂ ಬದ್ಲಿಸ್ರಿ ಸಾಹೇಬ್ರ. ನಾ ವಾಲಿದ್ರ ಕಿರ್ ಅಂತೈತಿ, ಮಂದಿ ನನ್ನ ಮೊಣಕಾಲು ಅಂತ ತಿಳ್ಕೊಂತಾರ.” ಫೋನು, ರಿಜಿಸ್ಟರು ಎರಡನ್ನೂ ನನ್ನ ಕೈಗಿಟ್ಟಿರಿ. “ರಿಪೇರಿ ಆಗೋತನ ಹಾಜರಿ ನೀವ ಹಾಕ್ರಿ.”

ಒಂದು ಹೆಸರನ್ನೂ ಬರೆಯಲಿಲ್ಲ. ಫೋನನ್ನು ಸೈಲೆಂಟ್ ಮಾಡಿ ಡ್ರಾಯರಿನಲ್ಲಿಟ್ಟೆ. ಮೊದಲ ವಾರ ಅದರ ಪರದೆ ತುಂಬಿರುತ್ತಿತ್ತು. ನಂತರ ತೆಳುವಾಗುತ್ತ ಬಂದು, ತಿಂಗಳ ಕೊನೆಗೆ ಉಳಿದದ್ದು ಒಂದೇ ನಂಬರು. ನಿಮ್ಮದು. ಮಲಪನಗುಡಿಯಿಂದ, ದಿನಾ ಏಳಕ್ಕೆ, ಒಂದೇ ರಿಂಗು. ನಾನು ತಿರುಗಿ ಮಾಡಲಿಲ್ಲ. ಮಾಡಿದರೆ ರಿಪೇರಿ ಎಲ್ಲಿಗೆ ಬಂತೆಂದು ಕೇಳುತ್ತಿದ್ದಿರಿ. ಆದರೂ ಆ ಫೋನನ್ನು ತಪ್ಪದೆ ಚಾರ್ಜಿಗೆ ಹಾಕುತ್ತಿದ್ದೆ. ಯಾಕೆ ಎಂದು ಕೇಳಬೇಡಿ...

ಒಂದು ಸೋಮವಾರ ನಿಮ್ಮ ಕರೆ ಇರಲಿಲ್ಲ. ಮಂಗಳವಾರವೂ ಇರಲಿಲ್ಲ. ಬುಧವಾರ ಬೆಳಿಗ್ಗೆ ಡ್ರಾಯರ್ ಎಳೆದು, ಖಾಲಿ ಪರದೆ ನೋಡಿ, ನನಗೆ ಏನನ್ನಿಸಿತು ಗೊತ್ತೇ? ಹಗುರ ಅನ್ನಿಸಿತು. ಸದ್ಯ, ಅಣ್ಣನಿಗೆ ತಾನಾಗಿ ಅರ್ಥವಾಯಿತು, ಇನ್ನು ನಾನು ಹೇಳುವುದೇನೂ ಉಳಿದಿಲ್ಲ ಎಂದುಕೊಂಡು ಚಹಾ ಕುಡಿಯಲು ಕೆಳಗಿಳಿದೆ. ಮೂರನೆಯ ದಿನ ಅದು. ಎಣಿಸಲು ಬರುತ್ತಿತ್ತು ನನಗೆ.

ಶುಕ್ರವಾರ ಮಾಬು ಮೆಟ್ಟಿಲು ಹತ್ತಿ ಬಂದ. ಲಾರಿಯ ಕೆಂಪು ಧೂಳು ಇನ್ನೂ ಅಂಗಿಯ ಮೇಲಿತ್ತು. “ರೇಡಿಯೋದಾಗ ಯಾಕ ಹೇಳ್ಲಿಲ್ರಿ ಸಾಹೇಬ್ರ? ನಿನ್ನಿ ಮಣ್ಣಿಗೆ ಹತ್ತು ಮಂದಿ ಇರ್ಲಿಲ್ಲ. ಹೇಳಿದ್ರ ಕಂಪ್ಲಿ, ಸಂಡೂರು ಎಲ್ಲಾ ಬರ್ತಿತ್ತು.” ಯಾರನ್ನು ಮಣ್ಣು ಮಾಡಿದರು ಎಂದು ನಾನು ಕೇಳಬೇಕಿರಲಿಲ್ಲ. ಪಕ್ಕದ ಕೋಣೆಯ ಸ್ಪೀಕರಿನಲ್ಲಿ ಬೆಂಗಳೂರಿನ ಹುಡುಗಿ ಎಲ್ಲ ಊರಿಗೂ ಒಟ್ಟಿಗೆ ಶುಭದಿನ ಕೋರುತ್ತಿದ್ದಳು.

ಹದಿನೈದು ದಿನ ಬಿಟ್ಟು ಮಲಪನಗುಡಿಗೆ ಹೋದೆ. ಶಾಂತಮ್ಮ ಅತ್ತಿಗೆ ನೀರು ಕೊಟ್ಟರು, ಕುಂದ್ರಿ ಎಂದರು. ಭಾನುವಾರ ಸಂಜೆ ಪಾರ್ಶ್ವವಾಯು ಹೊಡೆದು ಬಿದ್ದಿರಂತೆ. “ಮಾತು ನಿಂತಿತ್ತು ತಮ್ಮಾ. ಬುಧವಾರ ಸಂಜೀತನ ಜೀವ ಇತ್ತು. ಎಡಗೈಯಾಗ ಫೋನ್ ಹಿಡ್ಕೊಂಡವ್ರು ಬಿಡ್ಲೇ ಇಲ್ಲ.” ಬುಧವಾರ ಸಂಜೆ. ನಾನು ಗ್ಲಾಸನ್ನು ನೆಲಕ್ಕಿಟ್ಟೆ. ರಿಪೇರಿಯ ವಿಷಯ ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಅವರೇ ತಡೆದರು. “ಅದು ಅವ್ರಿಗೆ ವಾರದಾಗ ಗೊತ್ತಾಗಿತ್ತು. ‘ಸಾಹೇಬ್ರಿಗೆ ಹೇಳಾಕ ನಾಚ್ಕಿ, ಪಾಪ’ ಅಂತ ನಕ್ಕಿದ್ರು.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ‘ಪಾಪ’ವನ್ನು ಎಲ್ಲಿಡುವುದು?

ನೀವು ಕೇಳದ ಸುದ್ದಿ ಒಂದಿದೆ. ಸ್ಟುಡಿಯೋ ಈಗ ಪೂರ್ತಿ ಮುಚ್ಚಿದೆ. ಆ ಕೋಣೆಯಲ್ಲಿ ಟ್ಯೂಷನ್ ನಡೆಯುತ್ತದೆ. ಕಿರ್ ಎನ್ನುವ ಕುರ್ಚಿ ನಮ್ಮ ಮನೆಯಲ್ಲಿದೆ. ಕಳೆದ ತಿಂಗಳು ಅದರಲ್ಲಿ ಕುಳಿತು ರಿಜಿಸ್ಟರಿನ ನಂಬರುಗಳಿಗೆಲ್ಲ ಒಂದೊಂದಾಗಿ ಫೋನ್ ಮಾಡಿದೆ. ನೀವು ಇಲ್ಲವೆಂದೂ, ಮೂರನೆಯ ದಿನ ನಾನು ವಿಚಾರಿಸಲಿಲ್ಲವೆಂದೂ ಹೇಳಿದೆ. ಕೆಲವರು ಫೋನ್ ಇಟ್ಟುಬಿಟ್ಟರು. ಹುಲಿಗೆಮ್ಮ ಬಹಳ ಹೊತ್ತು ಬೈದಳು. ಮರುದಿನ ಏಳಕ್ಕೆ ಕಂಪ್ಲಿಯಿಂದ ಒಂದು ರಿಂಗು ಬಂದು ನಿಂತಿತು. ಅವಳ ಹೆಸರು ಬರೆದೆ. ಈಗ ದಿನಾ ಬರೆಯುತ್ತೇನೆ.

ಬರೆಯುವಾಗಲೆಲ್ಲ ಒಂದೇ ಅನುಮಾನ. ರಿಪೇರಿ ಇಲ್ಲವೆಂದು ಗೊತ್ತಿದ್ದೂ ದಿನಾ ಏಳಕ್ಕೆ ಫೋನ್ ಮಾಡುತ್ತಿದ್ದಿರಲ್ಲ ಅಣ್ಣಾ, ನಿಮ್ಮ ಹಾಜರಿ ಹಾಕುತ್ತಿದ್ದಿರೇ? ಅಥವಾ ಗಾಜಿನ ಈಚೆ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಿದ್ದಿರೇ?