ಗಿಣಿಯ ಹೆಸರಿನ ಡಬ್ಬಿ

ಜನವರಿ 8, ಸಂಜೆ ಏಳು

ಜೆರಾಕ್ಸ್ ಮಷಿನ್ನು ಇವತ್ತು ಮೂರು ಸಲ ಕಾಗದ ನುಂಗಿತು. ಅಂಗಡಿಯವರು ಮಷಿನ್ನಿಗೆ ಏನೂ ಅನ್ನಲಿಲ್ಲ, ನನಗೆ ಅಂದರು. ಕಾಲೇಜಿನಿಂದ ನೇರ ಅಂಗಡಿ, ಅಂಗಡಿಯಿಂದ ನೇರ ನಲ್ಲಿಯ ಸಾಲು. ನಾಲ್ಕನೇ ಮಹಡಿಗೆ ಎರಡು ಬಕೆಟ್. ಅಮ್ಮ ಇನ್ನೂ ಬಂದಿಲ್ಲ. ಹೋಟೆಲಿನ ಲಾಂಡ್ರಿಯಲ್ಲಿ ಓವರ್‌ಟೈಮ್.

ಹೊಸ ನೋಟ್‌ಬುಕ್ಕು. ಹಾಗಾಗಿ ಎಲ್ಲರನ್ನೂ ಒಮ್ಮೆ ಬರೆದಿಡುತ್ತೇನೆ. ಮೆಟ್ಟಿಲ ಮೇಲೆ ಎಂದಿನಂತೆ ಗಿಣಿ, ಜಿರಾಫೆ. ನಾವು ಮೂವರೂ ಇದೇ ಮೆಟ್ಟಿಲುಗಳ ಮೇಲೆ ಅಂಬೆಗಾಲಿಟ್ಟವರು. ಜಿರಾಫೆಗೆ ಹದಿನೆಂಟು. ಹಾಸಿಗೆ ಅಂಗಡಿಯ ಗಾಡಿ ತಳ್ಳುತ್ತಾನೆ. ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸಿ ತಗ್ಗಿಸಿ ಬೆನ್ನೇ ಬಾಗಿದೆ. ಗಿಣಿಗೆ ನನ್ನಷ್ಟೇ, ಹದಿನೇಳು. ಅವಳ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಅಪ್ಪ ಅಮ್ಮ ಹೋದಮೇಲೆ ಎರಡನೇ ಮಹಡಿಯ ಒಂದೇ ಕೋಣೆಯಲ್ಲಿ ಅಕ್ಕ, ಭಾವ, ಅವರ ಒಂದೂವರೆ ವರ್ಷದ ಮಗುವಿನ ಜೊತೆ ಇದ್ದಾಳೆ. ಹೊಲಿಗೆ ಕಾರ್ಖಾನೆಯಲ್ಲಿ ಕಾಲರುಗಳ ದಾರ ಕತ್ತರಿಸುವ ಕೆಲಸ. ನಾನು ಟೀಚರ್. ನಿಜವಾದ ಟೀಚರ್ ಅಲ್ಲ. ಬಿಲ್ಡಿಂಗಿನವರ ಅರ್ಜಿಗಳೆಲ್ಲ ನನ್ನ ಕೈಯಲ್ಲೇ ತುಂಬುವುದರಿಂದ ಅಂಟಿದ ಹೆಸರು.

ಗಿಣಿಯ ಟಿಬಿ ಮಾತ್ರೆ ಐದು ತಿಂಗಳು ಮುಗಿಯಿತು. ಇನ್ನೊಂದೇ ತಿಂಗಳು. ಗೊತ್ತಿರುವುದು ನನಗೆ, ಜಿರಾಫೆಗೆ ಮಾತ್ರ. ಭಾವನಿಗೆ ಗೊತ್ತಾದರೆ ಅವತ್ತೇ ಬೀದಿಗೆ. ಅದಕ್ಕೇ ಕ್ಲಿನಿಕ್ಕಿನಲ್ಲಿ ನಮ್ಮ ಮನೆಯ ವಿಳಾಸ ಕೊಟ್ಟದ್ದು. ಆಗಸ್ಟಿನಲ್ಲಿ ಸಿಸ್ಟರ್ ಮನೆ ನೋಡಲು ಬಂದಾಗ ನಾನೇ ಬಾಗಿಲು ತೆಗೆದೆ. "ಇವಳು ನನ್ನ ತಂಗಿ" ಅಂದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ ಎಂದು ಕೇಳಿದರು. "ಇಲ್ಲ ಸಿಸ್ಟರ್." ನಮ್ಮ ಮನೆಯಲ್ಲಿ ಇಲ್ಲವಲ್ಲ, ನಿಜ ತಾನೇ.

"ಈ ಮಾತ್ರೆ ನುಂಗಿದ್ರೆ ಉಚ್ಚೆ ಕಿತ್ತಳೆ ಬಣ್ಣ ಬರುತ್ತೆ ಕಣೋ. ಜ್ಯೂಸ್ ಅಂಗಡಿ ಇಡಬಹುದು" ಅಂದಳು ಗಿಣಿ. ಜಿರಾಫೆ ಬಾಯಲ್ಲಿದ್ದ ಟೀ ಉಗುಳಿದ. ಮೂರನೇ ಮಹಡಿಯ ಅಜ್ಜ ಬಾಗಿಲು ತೆಗೆದು ಬೈಯುವವರೆಗೂ ನಕ್ಕೆವು.

ಜನವರಿ 19, ಮಧ್ಯಾಹ್ನ

ಬಟ್ಟೆ ಒಣಗಿಸಲು ಟೆರೇಸಿಗೆ ಹೋದೆ. ಗಿಣಿ ಹಿಂದೆಯೇ ಬಂದಳು. ನೀರಿನ ಟ್ಯಾಂಕಿನ ಹಿಂದಕ್ಕೆ ಎಳೆದುಕೊಂಡು ಹೋದಳು. ಮಾತಿಲ್ಲ. ಗಿಣಿಗೆ ಮಾತಿಲ್ಲ ಅಂದರೇ ನನಗೆ ಭಯ.

ಬ್ಯಾಗಿನಿಂದ ಒಂದು ಕವರ್ ತೆಗೆದಳು. ಒಳಗೆ ಮಾತ್ರೆ. ಶೀಟುಗಟ್ಟಲೆ. ಒಂದನ್ನೂ ಒಡೆದಿಲ್ಲ.

"ಎಷ್ಟು ದಿನದ್ದೇ ಇದು?"

"ಡಿಸೆಂಬರ್‌ದು. ಪೂರ್ತಿ."

ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು.

"ನುಂಗಿದ್ರೆ ತಿಂದಿದ್ದೆಲ್ಲ ವಾಂತಿ ಆಗ್ತಿತ್ತು. ಎರಡು ಸಲ ಎದ್ದು ಹೋದ್ರೆ ಸೂಪರ್‌ವೈಸರ್ ಗಡಿಯಾರ ನೋಡ್ತಾಳೆ. ಕೆಮ್ಮೂ ನಿಂತಿತ್ತು. ಗುಣ ಆಯ್ತು ಅಂದ್ಕೊಂಡೆ ಕಣೇ."

ಈಗ ಮತ್ತೆ ಬೆಳಿಗ್ಗೆ ಬೆಳಿಗ್ಗೆ ಕೆಮ್ಮು. ಇಪ್ಪತ್ತೇಳಕ್ಕೆ ಕೊನೆಯ ಕಫ ಪರೀಕ್ಷೆ. ಕ್ರಿಮಿ ಕಂಡರೆ ವಾರ್ಡಿಗೆ ಸೇರಿಸುತ್ತಾರೆ. ಅತ್ತ ಕಾರ್ಖಾನೆಯಲ್ಲಿ ಯಾವುದೋ ಹುಡುಗಿ ಬಿಳಿ ಕಾಲರಿನ ಮೇಲೆ ರಕ್ತ ಕೆಮ್ಮಿದಳಂತೆ. ಕೆಮ್ಮುವವರೆಲ್ಲ ಸರ್ಟಿಫಿಕೇಟ್ ತರಬೇಕು, ಇಲ್ಲದಿದ್ದರೆ ಗೇಟಿನ ಒಳಗೆ ಬಿಡುವುದಿಲ್ಲ ಎಂದಿದ್ದಾರೆ.

"ಕೆಲಸ ಹೋದ್ರೆ ಭಾವ ಒಂದು ದಿನಾನೂ ಇಟ್ಕೊಳಲ್ಲ. ಎಲ್ಲಿಗೆ ಹೋಗ್ಲಿ? ನಿನ್ನ ಕಫ ಕೊಡು. ಒಂದೇ ಒಂದು ಸಲ."

ನನಗೆ ವಾರದಿಂದ ನೆಗಡಿ, ಎದೆಯಲ್ಲಿ ಗೊರ ಗೊರ. ಅದನ್ನೂ ನೋಡಿಕೊಂಡೇ ಕೇಳಿದ್ದಾಳೆ.

"ಹುಚ್ಚೀ, ಪರೀಕ್ಷೆ ಪಾಸಾದ್ರೆ ರೋಗ ಹೋಗುತ್ತಾ?"

"ಮಾತ್ರೆ ಉಳಿದಿವೆಯಲ್ಲ. ಮೆಲ್ಲಗೆ ಇವನ್ನೇ ನುಂಗ್ತೀನಿ. ನಿನ್ನಾಣೆ."

ಕೆಳಗಿಳಿದು ಬಂದೆ. ಬಟ್ಟೆ ಅಲ್ಲೇ ಬಿಟ್ಟು ಬಂದಿದ್ದೆ.

ಜನವರಿ 27

ಕೊಟ್ಟೆ.

ಕಫ ಉಗುಳಬೇಕಾದದ್ದು ಕ್ಲಿನಿಕ್ಕಿನ ಹಿಂದೆ, ಬಯಲಲ್ಲಿ. ಯಾರೂ ನೋಡುವುದಿಲ್ಲ. ಸಿಸ್ಟರಿಗೆ ಉಸಿರಾಡಲೂ ಬಿಡುವಿಲ್ಲ. "ನಿನ್ನ ಅಕ್ಷರ ಮುತ್ತಿನ ಹಾಗಿದೆ, ಡಬ್ಬಿ ಮೇಲೆ ಹೆಸರು ನಂಬರು ನೀನೇ ಬರೆದುಬಿಡಮ್ಮ" ಅಂದರು. ಬರೆದೆ. ಗಿಣಿಯ ಹೆಸರು. ಇಬ್ಬರೂ ಹಿಂದಕ್ಕೆ ಹೋದೆವು. ಅವಳು ಕಾವಲು, ನಾನು ಕೆಮ್ಮಿದೆ. ಎರಡನೇ ಡಬ್ಬಿ ಮನೆಗೆ ಕೊಟ್ಟಿದ್ದಾರೆ, ನಾಳೆ ಬೆಳಗಿನದಕ್ಕೆ. ಮುಖ ತೊಳೆಯುವ ಮುಂಚೆ ತುಂಬಬೇಕು.

ವಾಪಸು ಬರುವಾಗ ಗಿಣಿ ದಾರಿಯುದ್ದಕ್ಕೂ ಮಾತು. ಸೂಪರ್‌ವೈಸರ್ ನಡೆಯುವ ಹಾಗೆ ನಡೆದು ತೋರಿಸಿದಳು. ನಾನೂ ನಕ್ಕೆ.

ಫೆಬ್ರವರಿ 3, ಸಂಜೆ

ಕ್ರಿಮಿ ಇಲ್ಲ. ಕಾರ್ಡಿನ ಮೇಲೆ ಸೀಲು—ಗುಣವಾಗಿದೆ. ಸಿಸ್ಟರ್ ಗಿಣಿಯ ಬೆನ್ನು ತಟ್ಟಿದರಂತೆ. "ನಿನ್ನ ಹಾಗೆ ಎಲ್ಲರೂ ನೇಮವಾಗಿ ತಗೊಂಡಿದ್ರೆ ನಮಗೆ ಕೆಲಸವೇ ಇರ್ತಿರ್ಲಿಲ್ಲ" ಅಂದರಂತೆ.

ಜಿರಾಫೆಗೆ ಡಬ್ಬಿಯ ವಿಷಯ ಗೊತ್ತಿಲ್ಲ. ಖುಷಿಗೆ ಐಸ್‌ಕ್ರೀಂ ತಂದ. ಒಂದು ಕಪ್ಪು, ಒಂದೇ ಚಮಚ. ಅವಳು ತಿಂದು ಅವನಿಗೆ ಕೊಟ್ಟಳು, ಅವನು ನನಗೆ. ಹಲ್ಲು ನೋವು ಅಂದೆ. ಗಿಣಿ ನನ್ನನ್ನೇ ನೋಡಿದಳು. ಅವನು ಉಳಿದದ್ದನ್ನೂ ಕೆರೆದು ಕೆರೆದು ತಿಂದ. ನಾನು ನೋಡುತ್ತ ಕೂತೆ.

ಮಾರ್ಚ್ 6

ಒಂದು ತಿಂಗಳು ಈ ನೋಟ್‌ಬುಕ್ಕು ಮುಟ್ಟಲಿಲ್ಲ. ಕಾಲೇಜಿನ ಪರೀಕ್ಷೆ ಅಂತ ನನಗೆ ನಾನೇ ಹೇಳಿಕೊಂಡೆ. ಪರೀಕ್ಷೆ ಇದ್ದದ್ದು ನಾಲ್ಕೇ ದಿನ.

ಗಿಣಿಯ ಕೊರಳ ಮೂಳೆ ಎದ್ದು ಕಾಣುತ್ತಿದೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ. ಮಾತಿನ ನಡುವೆ ನಿಲ್ಲಿಸಿ ಉಸಿರು ಎಳೆದುಕೊಳ್ಳುತ್ತಾಳೆ. ಮಾತ್ರೆ ನುಂಗುತ್ತಿದ್ದೀಯಾ ಅಂದೆ. ಹೂಂ ಅಂದಳು. ಎಷ್ಟು ಉಳಿದಿವೆ, ತೋರಿಸು ಅಂದೆ. ಜಗಳ. "ನೀನು ಫಾರಂ ತುಂಬೋ ಟೀಚರ್, ಡಾಕ್ಟರ್ ಅಲ್ಲ" ಅಂದಳು.

ಮಾರ್ಚ್ 13, ಬೆಳಿಗ್ಗೆ

ಮಗುವಿಗೆ ಜ್ವರವಂತೆ, ಎಂಟು ದಿನದಿಂದ. ಗಿಣಿಯ ಅಕ್ಕ ನಲ್ಲಿಯ ಹತ್ತಿರ ಹೇಳಿದಳು. "ಔಷಧಿ ಅಂಗಡಿಯವನು ಸಿರಪ್ ಕೊಟ್ಟಿದಾನೆ. ಹಲ್ಲು ಬರ್ತಿದೆ ಅನ್ಸುತ್ತೆ." ಮಗು ಅವಳ ಹೆಗಲ ಮೇಲೆ ಒರಗಿತ್ತು. ನನ್ನನ್ನು ಕಂಡರೆ ಯಾವಾಗಲೂ ಜಡೆ ಎಳೆಯಲು ಕೈ ಚಾಚುವ ಮಗು. ಇವತ್ತು ಚಾಚಲಿಲ್ಲ.

ಮಗು ಮಲಗುವುದು ಗಿಣಿಯ ಪಕ್ಕದಲ್ಲಿ. ಚಿಕ್ಕಮ್ಮನ ಕಿವಿ ಹಿಡಿದುಕೊಳ್ಳದೆ ಅದಕ್ಕೆ ನಿದ್ದೆ ಬರುವುದಿಲ್ಲ.

ಮಾರ್ಚ್ 13, ಸಂಜೆ

ಗಿಣಿಯನ್ನು ಕಾರ್ಖಾನೆಯ ಗೇಟಿನಲ್ಲೇ ಹಿಡಿದೆ.

"ಮಗುನ ಕ್ಲಿನಿಕ್ಕಿಗೆ ಕರ್ಕೊಂಡು ಹೋಗೋಣ. ನಿಂದೂ ಹೇಳ್ಬಿಡೋಣ."

"ಹಲ್ಲಿನ ಜ್ವರಕ್ಕೆ ನನ್ನ ಮನೆ ಮುರೀತೀಯಾ?"

"ಹಲ್ಲಿಂದಲ್ಲದಿದ್ರೆ?"

ಗೇಟಿನಿಂದ ಹುಡುಗಿಯರು ಗುಂಪು ಗುಂಪಾಗಿ ಬರುತ್ತಿದ್ದರು. ಅವರ ಎದುರಿಗೇ ನನ್ನ ಕೈ ಹಿಡಿದಳು. ಅವಳ ಅಂಗೈ ಕಾದ ಹೆಂಚು. "ಇನ್ನೊಂದು ವಾರ ಕೊಡು ಕಣೇ. ಮುಂದಿನ ವಾರದ ಕೊನೆಗೆ ನನ್ನನ್ನ ಪರ್ಮನೆಂಟ್ ಮಾಡ್ತಾರೆ. ಕಾರ್ಖಾನೆಯವರೇ ಹಾಸ್ಟೆಲ್ ಕೊಡ್ತಾರೆ. ಆ ಮನೆಯಿಂದಾನೇ ಹೊರಗೆ ಬಂದ್ಬಿಡ್ತೀನಿ. ಮಗುವಿನಿಂದ ದೂರ ಇರ್ತೀನಿ. ಒಂದು ವಾರ."

ಕೊಟ್ಟೆ. ಇದನ್ನೂ ಕೊಟ್ಟೆ.

ಮಾರ್ಚ್ 21, ಮಧ್ಯಾಹ್ನ

ಬೆಳಿಗ್ಗೆ ಎರಡನೇ ಮಹಡಿ ದಾಟುವಾಗ ಬಾಗಿಲು ತೆರೆದಿತ್ತು. ಅಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಾಲು ಕುಡಿಸುತ್ತಿದ್ದಳು. ಹಾಲು ಕೆನ್ನೆಯಿಂದ ಇಳಿಯುತ್ತಿತ್ತು. ಕಣ್ಣು ತೆರೆದೇ ಇದೆ, ಆದರೆ ನೋಡುತ್ತಿಲ್ಲ. ಎತ್ತಿಕೊಳ್ಳಲು ಹೋದೆ. ಕತ್ತು ಬಾಗಲಿಲ್ಲ, ಮರದ ತುಂಡಿನ ಹಾಗೆ ಸೆಟೆದಿತ್ತು.

ಓಡಿದೆ. ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಕ್ಲಿನಿಕ್ಕಿನಲ್ಲಿ ಸಾಲಿನವರನ್ನೆಲ್ಲ ತಳ್ಳಿಕೊಂಡು ಸಿಸ್ಟರಿನ ಮೇಜಿನ ಮುಂದೆ ನಿಂತೆ. ಎಲ್ಲ ಹೇಳಿದೆ. ವಿಳಾಸ, ಡಬ್ಬಿ, ಮಾತ್ರೆ, ಮಗು. ಸಿಸ್ಟರ್ ಬೈಯಲಿಲ್ಲ. ಪೆನ್ನು ಕೆಳಗಿಟ್ಟರು. "ಮಗು ಎಲ್ಲಿ?" ಅಷ್ಟೇ ಕೇಳಿದ್ದು. ಆಂಬ್ಯುಲೆನ್ಸಿಗೆ ಫೋನು ಮಾಡಿದರು. ಬರಲು ಒಂದು ಗಂಟೆಯಾಗುತ್ತದಂತೆ.

ವಾಪಸು ಓಡಿ ಬಂದಾಗ ಬಿಲ್ಡಿಂಗಿನ ಮುಂದೆ ಜಿರಾಫೆಯ ಗಾಡಿ ನಿಂತಿತ್ತು, ಅವನು ಕಾಯಲಿಲ್ಲ. ಹಾಸಿಗೆ ತುಂಬಿದ ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು, ಮಗುವನ್ನು ಎದೆಗೆ ಅವಚಿಕೊಂಡು ಓಡಿದ. ಅವನ ಹಿಂದೆ ಅಕ್ಕ, ಅಕ್ಕನ ಹಿಂದೆ ನಾನು. ಸಿಗ್ನಲ್ಲು ನೋಡಲಿಲ್ಲ, ಬಸ್ಸು ನೋಡಲಿಲ್ಲ. ದೊಡ್ಡಾಸ್ಪತ್ರೆಯವರೆಗೂ ನಿಲ್ಲಲಿಲ್ಲ ಅವನು.

ಮಾರ್ಚ್ 22

ರೋಗ ಮಿದುಳಿಗೆ ಹೋಗಿದೆಯಂತೆ. ಡಾಕ್ಟರ್ ಚಿಕ್ಕ ವಯಸ್ಸಿನವರು. ಅಕ್ಕನಿಗೆ ಹೇಳುತ್ತಿದ್ದರು, ನಾನು ಹಿಂದೆ ನಿಂತಿದ್ದೆ. "ಮನೇಲಿ ಟಿಬಿ ಇದೆ ಅಂತ ಮುಂಚೆನೇ ಗೊತ್ತಿದ್ರೆ ಮಗುವಿಗೆ ತಡೆಯೋ ಮಾತ್ರೆನೇ ಕೊಡ್ತಿದ್ವಿ. ಹೋಗ್ಲಿ, ಒಂದು ವಾರ ಮುಂಚೆ ತಂದಿದ್ರೂ…"

ಒಂದು ವಾರ.

ಮಾರ್ಚ್ 23, ಬೆಳಿಗ್ಗೆ

ನಿನ್ನೆ ಸಂಜೆ ಭಾವ ಗಿಣಿಯ ಬಟ್ಟೆ, ತಟ್ಟೆ, ಹಾಸಿಗೆ ಎಲ್ಲ ಮೆಟ್ಟಿಲಿನಿಂದ ಕೆಳಗೆ ಎಸೆದ. ಬಿಲ್ಡಿಂಗಿಗೆ ಬಿಲ್ಡಿಂಗೇ ಬಾಗಿಲಲ್ಲಿ ನಿಂತು ನೋಡಿತು. ಯಾರೂ ಒಂದು ಬಟ್ಟೆ ಎತ್ತಿಕೊಡಲಿಲ್ಲ. ಮುಟ್ಟಲು ಹೆದರಿಕೆ. ಗಿಣಿ ಒಂದೊಂದೇ ಆರಿಸಿದಳು. ಕೆಮ್ಮು ಬಂದಾಗ ಕೂತು, ನಿಂತಾಗ ಎದ್ದು. ನಾನು ಇಳಿದು ಹೋದೆ.

"ನೀನು ಮುಟ್ಬೇಡ" ಅಂದಳು. ಕೂಗಿ ಅಲ್ಲ, ಮೆಲ್ಲಗೆ.

ಅಷ್ಟರಲ್ಲಿ ಸಿಸ್ಟರ್ ಬಂದು ಅವಳನ್ನು ವಾರ್ಡಿಗೆ ಕರೆದುಕೊಂಡು ಹೋದರು. ಜಿರಾಫೆ ಮೂಟೆ ಹೊತ್ತು ಗೇಟಿನವರೆಗೆ ಬಿಟ್ಟು ಬಂದ. ನನ್ನ ಎದುರು ನಿಂತ. ಸಿಸ್ಟರ್ ಅವನಿಗೆ ಎಲ್ಲ ಹೇಳಿದ್ದರು.

"ಅವಳಿಗೆ ಗೊತ್ತಿರ್ಲಿಲ್ಲ. ನಿಂಗೆ ಗೊತ್ತಿತ್ತು. ನೀನು ಓದಿದೋಳು."

ಮೆಟ್ಟಿಲಲ್ಲಿ ಕೂರಲಿಲ್ಲ. ಹೋದ.

ಮಾರ್ಚ್ 29

ನನಗೆ, ಅಮ್ಮನಿಗೆ, ಜಿರಾಫೆಗೆ, ಅಕ್ಕ ಭಾವನಿಗೆ ಎಕ್ಸ್‌ರೇ ಆಯಿತು. ಯಾರಿಗೂ ಏನೂ ಇಲ್ಲ. ಅಮ್ಮ ನನ್ನನ್ನು ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ತಟ್ಟೆಗೆ ಅನ್ನ ಬಡಿಸಿ, "ತಿನ್ನು" ಅಂದಳು. ಲಾಂಡ್ರಿಯ ಸೋಪಿನಿಂದ ಅವಳ ಬೆರಳ ತುದಿಗಳೆಲ್ಲ ಸೀಳಿವೆ. ಅವನ್ನೇ ನೋಡುತ್ತ ತಿಂದೆ.

ಗಿಣಿಯ ಕ್ರಿಮಿಗಳು ಹಳೆಯ ಮಾತ್ರೆಗೆ ಬಗ್ಗುವುದಿಲ್ಲವಂತೆ. ಅರ್ಧಕ್ಕೆ ಬಿಟ್ಟದ್ದರಿಂದ. ಹೊಸ ಮಾತ್ರೆ, ದಿನಕ್ಕೆ ಹದಿಮೂರು, ಒಂದೂವರೆ ವರ್ಷ. ಇದನ್ನೂ ಬಿಟ್ಟರೆ ಆಮೇಲೆ ಕೊಡಲು ಏನೂ ಇಲ್ಲ ಅಂದರು ಸಿಸ್ಟರ್. ಮೊದಲ ಮೂರು ದಿನ ಎಲ್ಲವನ್ನೂ ಉಗುಳಿದಳಂತೆ. ನಾಲ್ಕನೇ ದಿನ, "ಇದನ್ನ ನುಂಗಿದ್ರೆ ಮಗುನ ಎತ್ಕೋಬಹುದಾ?" ಅಂತ ಕೇಳಿದಳಂತೆ. ಎತ್ಕೋಬಹುದು ಅಂದರಂತೆ. ಆಮೇಲಿನಿಂದ ನುಂಗುತ್ತಿದ್ದಾಳೆ.

ಏಪ್ರಿಲ್ 2, ಬೆಳಿಗ್ಗೆ

ಮಗು ಹೋಯಿತು. ಆರೂಕಾಲಿಗೆ.

ಮನೆಗೆ ಬಂದ ಆ ಒಂದು ಸಂಜೆ ಬಿಟ್ಟರೆ ಹನ್ನೆರಡು ದಿನ ಭಾವ ಕೆಲಸಕ್ಕೆ ಹೋಗದೆ ಮಂಚದ ಪಕ್ಕದಲ್ಲೇ ಕೂತಿದ್ದ. ಈಗಲೂ ಕೂತಿದ್ದಾನಂತೆ. ಏಳಿಸಲು ಆಗುತ್ತಿಲ್ಲವಂತೆ.

ಏಪ್ರಿಲ್ 4, ಮಧ್ಯಾಹ್ನ

ಗಿಣಿಯ ಅಕ್ಕ ನಾಲ್ಕು ಮಹಡಿ ಹತ್ತಿ ಬಂದಳು. ಬಾಗಿಲಲ್ಲಿ ಅವಳನ್ನು ಕಂಡಾಗ ಎದ್ದು ನಿಂತೆ. ಏನು ಮಾಡಿದರೂ ಮಾಡಲಿ ಅಂತ ನಿಂತೆ. ಅವಳು ನೀರು ಕೇಳಿದಳು. ಕುಡಿದಳು. ಲೋಟ ಕೈಯಲ್ಲೇ ಹಿಡಿದು ಕೂತಳು.

"ನೀನು ವಾರ್ಡಿಗೆ ಹೋಗ್ತೀಯಾ?"

"ಹೋಗಿಲ್ಲ ಅಕ್ಕ. ನನ್ನ ಮುಖ ನೋಡಲ್ಲ ಅವಳು."

"ಹೋಗು. ನನ್ನ ಕೈಲಾಗಲ್ಲ. ನನ್ನ ಮುಖ ನೋಡಿದ್ರೆ ಅವಳಿಗೆ ಗೊತ್ತಾಗ್ಬಿಡುತ್ತೆ." ಲೋಟ ತಿರುಗಿಸುತ್ತಲೇ ಇದ್ದಳು. "ಮಗುಗೆ ಹೀಗಾಯ್ತು ಅಂತ ಹೇಳ್ಬೇಡ. ಹೇಳಿದ್ರೆ ಮಾತ್ರೆ ಬಿಡ್ತಾಳೆ. ನನಗೆ ಅವಳ ಮೇಲೆ ಸಿಟ್ಟಿಲ್ಲ ಅಂತಲ್ಲ. ಇದೆ. ಅವಳನ್ನ ನೋಡಿದ್ರೆ ಏನು ಮಾಡ್ತೀನೋ ನಂಗೇ ಗೊತ್ತಿಲ್ಲ. ಆದ್ರೆ ಇನ್ನು ನನಗಿರೋದು ಅವಳೊಬ್ಬಳೇ."

ಸಿಸ್ಟರಿಗೆ ಮಾತು ಕೊಟ್ಟಿದ್ದೆ, ಇನ್ನು ಸುಳ್ಳು ಹೇಳುವುದಿಲ್ಲ ಅಂತ. ಕ್ಲಿನಿಕ್ಕಿಗೆ ಹೋಗಿ ಕೇಳಿದೆ. ಸಿಸ್ಟರ್ ರಿಜಿಸ್ಟರ್ ಮುಚ್ಚಿದರು. "ನನ್ನನ್ನ ಕೇಳಬೇಡಮ್ಮ" ಅಂದರು.

ಏಪ್ರಿಲ್ 5, ಸಂಜೆ ಐದೂವರೆ

ಹೋಗಿ ಬಂದೆ.

ವಾರ್ಡಿನ ಕಿಟಕಿಗೆ ಕಂಬಿ. ಹೊರಗಿನವರು ಅಂಗಳದಲ್ಲಿ ಗೆರೆಯಿಂದಾಚೆ ನಿಲ್ಲಬೇಕು. ಗಿಣಿ ಬಂದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ. ನನ್ನನ್ನು ಕಂಡು ತಿರುಗಿ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ.

"ಮಗು ಹೇಗಿದೆ?"

ಮೊದಲ ಮಾತೇ ಅದು.

"ಪರವಾಗಿಲ್ಲ" ಅಂದೆ.

"ಜ್ವರ?"

"ಇಳಿದಿದೆ."

"ನೋಡುತ್ತಾ? ಗುರುತು ಹಿಡಿಯುತ್ತಾ?"

"ಜಡೆ ಎಳೀತು ನಿನ್ನೆ."

ಅವಳ ಕಣ್ಣು ನಕ್ಕವು. ಒಳಗಿನಿಂದ ವಾರ್ಡಿನ ಆಯಾ ಮಾತ್ರೆಯ ಬಟ್ಟಲು ತಂದರು. ಗಿಣಿ ಮಾಸ್ಕು ಇಳಿಸಿದಳು. ತುಟಿಯೆಲ್ಲ ಒಡೆದಿದೆ. ಒಂದೊಂದೇ ಎತ್ತಿ ತೋರಿಸಿ ನುಂಗಿದಳು, ನಾನು ನೋಡಲಿ ಅಂತ. ಎಂಟನೆಯದಕ್ಕೆ ಓಕರಿಕೆ ಬಂತು. ಕಂಬಿ ಹಿಡಿದು, ಕಣ್ಣು ಮುಚ್ಚಿ, ತಡೆದುಕೊಂಡಳು. ಹದಿಮೂರೂ ನುಂಗಿದಳು. ಬಾಯಿ ತೆರೆದು ನಾಲಿಗೆ ಎತ್ತಿಯೂ ತೋರಿಸಿದಳು. ಆಮೇಲೆ ಮಾತು ಶುರು. ಪಕ್ಕದ ಮಂಚದ ಮುದುಕಿಯ ಗೊರಕೆ, ಆಯಾಳ ನಡಿಗೆ. ಹಳೆಯ ಗಿಣಿಯೇ.

ಗಂಟೆ ಹೊಡೆಯಿತು. ಹೊರಟೆ. ಕಿಟಕಿಯಿಂದ ಕೂಗಿದಳು.

"ನಾಳೆ ಮಗುನ ಕರ್ಕೊಂಡು ಬಾರೇ. ಗೇಟ್ ಹತ್ರ ನಿಂತ್ಕೋ, ಸಾಕು. ಇಲ್ಲಿಂದಾನೇ ನೋಡ್ತೀನಿ."

ಹೂಂ ಅಂದೆ.

ಗೇಟಿನ ಹೊರಗೆ ಜಿರಾಫೆ. "ಏನಂದ್ಲು?" ಅಂತ ಕೇಳಿದ. ಇಷ್ಟು ದಿನಗಳ ಮೇಲೆ ಮೊದಲ ಮಾತು. ಹೇಳಿದೆ. ಅವನು ಕಾಂಪೌಂಡಿನ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟ. ಬಸ್ಸು ಬಂದರೂ ಹತ್ತಲಿಲ್ಲ.

ನಾಳೆ ಹೋಗದಿದ್ದರೆ ಮಾತ್ರೆ ಮುಟ್ಟುವುದಿಲ್ಲ ಅವಳು. ಹೋದರೆ, ನಾಲ್ಕು ಗಂಟೆಗೆ ಕಿಟಕಿಗೆ ಬಂದು, ನನ್ನ ಖಾಲಿ ಕೈ ನೋಡುತ್ತಾಳೆ.