ಮೈಲವ್ವನಿಗೆ ಸಿಗದ ಪಾಠ

ಬ್ಯಾಡಗಿ,
೧೪-೨-೨೦೦೬, ಮಂಗಳವಾರ

ಪ್ರೀತಿಯ ಶೈಲಶ್ರೀ,

ಆರಾಮ ಇದ್ದೀಯಾ? ಕೆಮ್ಮು ನಿಂತಿತೇ? ರಾಣೆಬೆನ್ನೂರಿನ ಹಾಸ್ಟೆಲ್ಲಿನ ಸಾರು ಇನ್ನೂ ತಟ್ಟೆಯ ತಳ ಕಾಣುವಷ್ಟು ತೆಳ್ಳಗಿದೆಯೇ? ಅಜ್ಜಿ ಕಟ್ಟಿಕೊಟ್ಟ ಶೇಂಗಾ ಚಟ್ನಿಯನ್ನೆಲ್ಲ ಗೆಳತಿಯರಿಗೆ ಹಂಚಿ ಮುಗಿಸಬೇಡ. ನನ್ನ ಮೊಣಕಾಲು ಹಾಗೇ ಇದೆ. ಎಲ್ಲರೂ ಕಾಲ ಕೆಟ್ಟಿತು ಅನ್ನುತ್ತಾರೆ, ನನ್ನದು ಬರೀ ಕಾಲು ಕೆಟ್ಟಿದೆ. ಇಷ್ಟು ನಗು ಸಾಕು. ಫೋನು ಮಾಡಿದ್ದರೆ ಇಂಥ ನಾಲ್ಕು ಮಾತಿನಲ್ಲೇ ನನ್ನ ಸಿಟ್ಟು ಇಳಿದುಹೋಗುತ್ತಿತ್ತು, ನೀನೂ ಕಿಸಕ್ಕನೆ ನಕ್ಕು ತಪ್ಪಿಸಿಕೊಳ್ಳುತ್ತಿದ್ದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನ್ನ ಬಿ.ಎಡ್. ಪರೀಕ್ಷೆಯ ಪಾಠದ ವಿಷಯ. ನಮ್ಮ ಮನೆಯಲ್ಲಿದ್ದುಕೊಂಡು ಇಲ್ಲಿಯ ಹೈಸ್ಕೂಲಿನ ಎಂಟನೇ ಇಯತ್ತೆಗೆ ಬೀಜ ಪ್ರಸಾರದ ಪಾಠವೊಂದನ್ನೇ ನೀನು ತಿರುವಿ ತಿರುವಿ ರೂಢಿ ಮಾಡಿಸಿದ್ದು ನನಗೆ ಗೊತ್ತು. ಪ್ರಶ್ನೆ ಕೇಳಿದಾಗ ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ ಎತ್ತಬೇಕು ಅಂತ ಹುಡುಗರಿಗೆ ಕಲಿಸಿದ್ದೆ, ಪರೀಕ್ಷಕರ ಕಣ್ಣಿಗೆ ಇಡೀ ವರ್ಗವೇ ಜಾಣರದ್ದಾಗಿ ಕಾಣಲಿ ಅಂತ. ಪಡಸಾಲೆಯಲ್ಲಿ ನನ್ನ ಮುಂದೆ ತಾಲೀಮು ಮಾಡಿದಾಗ ನಾನು ಎರಡೂ ಕೈ ಎತ್ತಿ, ಅರ್ಧ ಗೊತ್ತೈತ್ರಿ ಟೀಚರ್ ಎಂದಿದ್ದೆ. ಬಿ.ಎಡ್.ನಲ್ಲಿ ಎಡಗೈಗೇ ಮಾನ ಜಾಸ್ತಿ ಎಂದು ಕಾಡಿಸಿದ್ದೆ. ಅಂಥ ಕಿತಾಪತಿಗೆಲ್ಲ ಸಿಟ್ಟಾಗುವ ಮನುಷ್ಯ ನಾನಲ್ಲ. ಕಿತಾಪತಿ ಮಾಡುತ್ತಲೇ ಹಲ್ಲು ಉದುರಿಸಿಕೊಂಡವನು ನಾನು.

ಪರೀಕ್ಷೆಯ ದಿನ ನೀನು ಮರೆತುಹೋದ ಚಾರ್ಟನ್ನು ಕೊಡಲು ಶಾಲೆಗೆ ಬಂದೆನಲ್ಲ, ವಾಪಸು ಹೊರಟಾಗ ಅದೇ ಅಂಗಳದ ಪ್ರಾಥಮಿಕ ಶಾಲೆಯ ಬಿಸಿಯೂಟದ ಅಡಿಗೆ ಕೋಣೆಯಲ್ಲಿ ನಮ್ಮ ಓಣಿಯ ಮಂಗಳವ್ವನ ಮಗಳು ಮೈಲವ್ವ ಮೊರ ಹಿಡಿದು ಕೂತಿದ್ದಳು. ಎಂಟನೇ ಇಯತ್ತೆಯವಳು, ಮಾತು ಉಗ್ಗುತ್ತದೆ, ಹೇಳುವುದನ್ನು ಮಾತ್ರ ಹೇಳಿಯೇ ಮುಗಿಸುತ್ತಾಳೆ. ಇಲ್ಲೇನು ಮಾಡುತ್ತಿದ್ದೀ ಎಂದೆ. ಬಹಳ ಹೊತ್ತು ಹಿಡಿಯಿತು, ಆದರೆ ಮುಖ ಅರಳಿಸಿ ಹೇಳಿದಳು, ಅಕ್ಕಿ ಆರಿಸಲು ಅಕ್ಕಾರು ತನ್ನೊಬ್ಬಳನ್ನೇ ಆರಿಸಿದ್ದಾರೆ ಅಂತ. ನಿನ್ನನ್ನು ಅವರೆಲ್ಲ ಅಕ್ಕಾರು ಅನ್ನುತ್ತಾರೆ. ಅಕ್ಕಿಯೊಳಗಿನ ಹರಳಿನ ಹಾಗೆ ಆರಿಸಿ ಹೊರಗೆಸೆದದ್ದು ಅವಳನ್ನೇ ಅನ್ನುವುದು ಆ ಕೂಸಿಗೆ ಆಗಿನ್ನೂ ತಿಳಿದಿರಲಿಲ್ಲ. ಪಾಠ ಮುಗಿದು ಚಪ್ಪಾಳೆ ಕೇಳಿದಾಗ ಓಡಿಹೋಗಿ ಕಿಟಕಿಯಲ್ಲಿ ಇಣುಕಿದಳಂತೆ. ಒಳಗಿದ್ದ ಹುಡುಗಿಯೊಬ್ಬಳು ಅವಳ ಹಾಗೇ ಉಗ್ಗಿ ತೋರಿಸಿದಳಂತೆ. ಸಂಜೆ ನೀನು ಪೇಢೆ ತಂದು ನನ್ನ ಬಾಯಿಗಿಟ್ಟೆ. ಪರೀಕ್ಷಕರು ಹೊಗಳಿದರೆಂದೆ. ಮರುದಿನ ಬಸ್ಸು ಹತ್ತಿದೆ.

ಆವತ್ತಿನಿಂದ ಮೈಲವ್ವ ಶಾಲೆಗೆ ಹೋಗಿಲ್ಲ. ನಿನ್ನೆ ಮಾರುಕಟ್ಟೆಯಲ್ಲಿ ಕಂಡಳು, ಅವ್ವನ ಪಕ್ಕ ಮೂಗಿಗೆ ಸೆರಗಿನ ಚೂರು ಕಟ್ಟಿಕೊಂಡು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಹುಡುಗಿಯನ್ನು ಶಾಲೆಗೆ ಕಳಿಸು ಎಂದು ಮಂಗಳವ್ವನಿಗೆ ಬೈದೆ. ಅವಳು ತಲೆ ಎತ್ತಲಿಲ್ಲ. "ಇಲ್ಲಿ ಆಕಿಗೆ ಯಾರೂ ಲಗೂ ಹೇಳು, ಜಲ್ದಿ ಹೇಳು ಅನ್ನೂದಿಲ್ರಿ ಅಜ್ಜಾರ. ಕೈ ನಡದ್ರ ಸಾಕು" ಎಂದಳು.

ಒಂದು ಉತ್ತರಕ್ಕೆ ಎರಡು ನಿಮಿಷ ತಿನ್ನುತ್ತಾಳೆ ಅಂತ ನೀನು ಮನೆಯಲ್ಲಿ ಅವಳ ಮೇಲೆ ಗೊಣಗಿದ್ದೆ. ನಿನ್ನ ಪಾಠ ಯೋಜನೆಯಲ್ಲಿ ಪೀಠಿಕೆಗೆ ಹೊತ್ತಿದೆ, ಚಾರ್ಟು ತೂಗುಹಾಕಲು ಹೊತ್ತಿದೆ, ಕಪ್ಪು ಹಲಗೆ ಒರೆಸಲೂ ಹೊತ್ತಿದೆ. ಶಿಕ್ಷಣ ಅನ್ನುವ ಮಾತಿನಲ್ಲೇ ಅಂಟಿಕೊಂಡ ಆ ಒಂದು ಕ್ಷಣ ಮಾತ್ರ ಮೈಲವ್ವನ ಪಾಲಿಗಿಲ್ಲ. ನಿನ್ನ ಕಾಲೇಜಿನಲ್ಲಿ ಮಕ್ಕಳ ಮನಸ್ಸಿನ ಶಾಸ್ತ್ರ ಅಂತ ಒಂದು ದಪ್ಪ ಪುಸ್ತಕ ಓದಿಸುತ್ತಾರಲ್ಲ, ಅದನ್ನು ಓದಿದೆಯೋ, ತಲೆಯಡಿ ಇಟ್ಟುಕೊಂಡು ಮಲಗಿದೆಯೋ? ನೀನು ಟೀಚರಾಗುತ್ತೀ ಅಂತ ಓಣಿ ತುಂಬ ಸಾರಿದವನು ನಾನು. ಈಗ ಮಂಗಳವ್ವನ ಮನೆ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದೇನೆ. ಬರುವ ಭಾನುವಾರ ಬಾ. ಅವಳನ್ನು ಕೂಡಿಸಿಕೊಂಡು ಆ ಪಾಠವನ್ನು ಮೊದಲಿನಿಂದ ಮಾಡು, ಗಡಿಯಾರ ಬಿಚ್ಚಿಟ್ಟು ಮಾಡು.

ಅಜ್ಜಿ ನೆನೆಸುತ್ತಾಳೆ. ಅವಳಿಗೆ ಇದನ್ನೆಲ್ಲ ಹೇಳಿಲ್ಲ. ನನ್ನ ಆಶೀರ್ವಾದ ಇದ್ದೇ ಇದೆ, ಸಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಜ್ಜ,
ಫಕ್ಕೀರಪ್ಪ

ತಾ.ಕ. ಕಾಗದ ಮಡಚಿ ಟಪಾಲಿಗೆ ಹೊರಟಿದ್ದೆ, ಮೈಲವ್ವ ಓಣಿಯಲ್ಲಿ ಸಿಕ್ಕಳು. ಅಕ್ಕಾರು ಬಂದು ನಿನಗೊಬ್ಬಳಿಗೇ ಪಾಠ ಮಾಡಿದರೆ ಶಾಲೆಗೆ ಹೋಗುತ್ತೀಯಾ ಎಂದು ಕೇಳಿದೆ. ಉತ್ತರ ಶುರು ಮಾಡಿದಳು. ಟಪಾಲಿನ ಹೊತ್ತು ಮೀರಿತು, ನಾನು ನಿಂತೇ ಇದ್ದೆ. "ಅಕ್ಕಾರು ಬ್ಯಾಡ್ರಿ ಅಜ್ಜಾ. ಆ ಪರೀಕ್ಷೆ ಸರ್ ಬಂದು ನನ್ನ ಕೇಳ್ಲಿ. ನನಗ ಎಲ್ಲಾ ಬರತೈತಿ" ಎಂದಳು. ಆ ಸರ್ ನಿನ್ನ ಕಾಲೇಜಿನವರೇ ಅಲ್ಲವೇ? ಟಪಾಲು ತಪ್ಪಿತಲ್ಲ, ಕಾಗದವನ್ನು ನಾನೇ ಬುಧವಾರ ಬೆಳಗಿನ ಮೊದಲ ಬಸ್ಸಿಗೆ ತಂದಿದ್ದೇನೆ. ಮಂಗಳವ್ವ ಒಂದು ದಿನದ ಮಟ್ಟಿಗೆ ಒಪ್ಪಿ ಮಗಳನ್ನು ಜೊತೆಗೆ ಕಳಿಸಿದ್ದಾಳೆ. ನೀನು ಈ ಸಾಲು ಓದುವಾಗ ನಾವಿಬ್ಬರೂ ನಿನ್ನ ಎದುರಿಗೇ ಹಾಸ್ಟೆಲ್ಲಿನ ಕಟ್ಟೆಯ ಮೇಲೆ ಕೂತಿದ್ದೇವೆ. ಅಳುವುದಿದ್ದರೆ ದಾರಿಯಲ್ಲಿ ಅಳು. ಏಳು, ಚಪ್ಪಲಿ ಹಾಕಿಕೊ, ಆ ಸರ್ ಕೂರುವ ಕೋಣೆ ತೋರಿಸು.