ಸೇಲ್ಸ್‌ನವಳ ಅಪ್ಪ

ಗಿರಿನಗರ, ಬೆಂಗಳೂರು
26 ಜನವರಿ 2025, ಭಾನುವಾರ

ಮಗಳು ಸುಧಾಮಣಿಗೆ,

ಜೈ ಭೀಮ್.

ಹೇಗಿದ್ದೀಯ ಎಂದು ಕೇಳುವ ಯೋಗ್ಯತೆ ನನಗಿಲ್ಲ. ಆದರೂ ಕೇಳುತ್ತಿದ್ದೇನೆ, ಹದಿನಾಲ್ಕು ತಿಂಗಳು ತಡವಾಗಿ. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ, ಸರಿಯಾಗೇ ಮಾಡಿದ್ದೀಯ. ಸುದ್ದಗುಂಟೆಪಾಳ್ಯದ ನಿನ್ನ ಪಿ.ಜಿ. ವಿಳಾಸವನ್ನು ನಿಮ್ಮಮ್ಮ ಗ್ಯಾಸ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದಳು, ಅವಳನ್ನು ಕೇಳದೆ ನೋಡಿಕೊಂಡೆ. ಈ ಕಾಗದ ಹರಿಯಬೇಕೆನಿಸಿದರೆ ಹರಿ. ಪೂರ್ತಿ ಓದಿ ಹರಿ.

ಅಮ್ಮನ ಮಂಡಿನೋವು ಹಾಗೇ ಇದೆ. ಲಿಫ್ಟ್ ಕೆಟ್ಟು ಹತ್ತು ದಿನವಾಯಿತು, ಮೂರು ಮಹಡಿ ಹತ್ತಿ ಇಳಿಯುವಾಗ ಕಂಬಿ ಹಿಡಿದು ನಿಂತುಬಿಡುತ್ತಾಳೆ. ಕಳೆದ ಸೋಮವಾರ ಹಾಗೆ ನಿಂತವಳು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ಆಗ ಅವಳ ಬಾಯಿಂದಲೇ ಗೊತ್ತಾಯಿತು. ನಿನ್ನ ಕಂಪನಿಯವರು ಐ.ಡಿ. ಕಾರ್ಡ್ ಕಿತ್ತುಕೊಂಡಿದ್ದಾರೆ, ಈ ತಿಂಗಳ ಕೊನೆಯೊಳಗೆ ನೀನು ಕಳ್ಳಿಯಲ್ಲ ಎಂದು ತೋರಿಸದಿದ್ದರೆ ಕೆಲಸದಿಂದ ತೆಗೆಯುತ್ತಾರೆ ಎಂದು. ಉಳಿದಿರುವುದು ಐದು ದಿನ. ಅದಕ್ಕೇ ಈ ಕಾಗದ.

ನಾಲ್ಕನೇ ತಾರೀಖು ಶನಿವಾರ ನೀನು ಇಲ್ಲಿಗೆ ಬಂದದ್ದು ಮಾರುವುದಕ್ಕಲ್ಲ, ಅಮ್ಮನನ್ನು ನೋಡುವುದಕ್ಕೆ. ಶನಿವಾರ ನಾನು ಓದುಕೂಟಕ್ಕೆ ಹೋದಾಗಲೆಲ್ಲ ನೀನು ಬರುತ್ತೀಯ ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದವನಂತೆ ಇದ್ದೆ. ಅವತ್ತು ನೀನು ಇಳಿದು ಹೋಗುವಾಗ ಕಂಪನಿಯ ನೀಲಿ ಟೀ ಶರ್ಟು, ಬ್ಯಾಗು ಕಂಡು ಮೊದಲ ಮಹಡಿಯ ದಾನಮ್ಮನೇ ಕರೆದಿದ್ದಾರೆ, ‘ವಾಟರ್ ಫಿಲ್ಟರ್‌ನವಳೇನಮ್ಮಾ? ಬಾ ಒಳಗೆ, ನಮ್ಮದು ಕೆಟ್ಟು ಕೂತಿದೆ’ ಅಂತ. ನೀನು ಅವರ ಹಳೇ ಫಿಲ್ಟರ್ ಬಿಚ್ಚಿ ತೊಳೆದುಕೊಟ್ಟು ಹೋದೆ. ಸಂಜೆ ದೀಪ ಹಚ್ಚಲು ಹೋದರೆ ದೇವರ ಗೂಡಿನಲ್ಲಿ ಬೆಳ್ಳಿಯ ಕುಂಕುಮದ ಭರಣಿ ಇರಲಿಲ್ಲ. ಮನೆಗೆ ಯಾರು ಬಂದಿದ್ದರು? ಸೇಲ್ಸ್‌ನವಳು. ಮುಗಿಯಿತು. ಪೊಲೀಸು, ಸಾಕ್ಷಿ, ನ್ಯಾಯಾಲಯ ಒಂದೂ ಬೇಕಾಗಲಿಲ್ಲ.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬೊಬ್ಬರೂ ಶುರುಮಾಡಿದರು. ‘ಇವ್ರ್ ಬಾಯಿ ಬಿಟ್ರೆ ಬರೀ ಸುಳ್ಳು.’ ‘ನೀರು ಕೇಳೋ ನೆಪದಲ್ಲಿ ಅಡುಗೆಮನೆ ತನಕ ನೋಡ್ಕೊಂಡು ಹೋಗ್ತಾರೆ ಗುರು.’ ‘ಓದಿದ್ರೆ ಯಾಕೆ ಸೇಲ್ಸಿಗೆ ಬರ್ತಿದ್ರು?’ ನೀನು ಎಂ.ಕಾಂ. ಓದಿದ್ದೀಯ.

ಆಮೇಲೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ತಿರುಮಲೇಶನ ಫೋನು. ‘ನರೇಂದ್ರ ಸಾರ್, ನಿಮ್ ಕನ್ನಡ ಸಖತ್ತಾಗಿರುತ್ತೆ. ಕ್ಯಾಮೆರಾದಲ್ಲಿ ಅವಳ ಫೋಟೊ ಸಿಕ್ಕಿದೆ, ಗ್ರೂಪಿಗೆ ಹಾಕ್ತಿದ್ದೀನಿ. ಕೆಳಗೆ ಎರಡು ಲೈನ್ ಬರ್ಕೊಡಿ. ಜನಕ್ಕೆ ಮುಟ್ಟೋ ಹಂಗೆ.’

ಬರೆದುಕೊಟ್ಟೆ. ‘ಎಚ್ಚರಿಕೆ! ಮಾರಾಟದ ಸೋಗಿನಲ್ಲಿ ಮನೆಗೆ ನುಗ್ಗುವ ಈ ಹೆಂಗಸನ್ನು ಒಳಗೆ ಬಿಡಬೇಡಿ. ಕಂಡಲ್ಲಿ ತಡೆಯಿರಿ.’

ನಿನ್ನ ಮ್ಯಾನೇಜರು ನಿನ್ನ ಮುಖಕ್ಕೆ ಹಿಡಿದ ಆ ಬರಹ ನನ್ನದು, ಸುಧಾ. ಬರೆದುಕೊಟ್ಟ ಮೇಲೆ ಫೋಟೊ ಗುಂಪಿಗೆ ಬಂತು. ನೋಡಿದರೆ ನೀನು. ಅಷ್ಟರಲ್ಲಿ ತಿರುಮಲೇಶ ಅದನ್ನು ನಿಮ್ಮ ಕಂಪನಿಯ ದೂರಿನ ನಂಬರಿಗೂ ಕಳಿಸಿಯಾಗಿತ್ತು. ಯಾರ ಫೋಟೊ ಎಂದು ನಾನು ಮೊದಲೇ ಕೇಳಬೇಕಿತ್ತು. ಸೇಲ್ಸ್‌ನವಳು ಅಂದರು, ನನಗೆ ಅಷ್ಟೇ ಸಾಕಾಯಿತು.

ಮೂವತ್ತು ವರ್ಷ ಗೋಡೆಬರಹ ಬರೆದ ಕೈ ಇದು. ಬಾವಿಗೆ ಬಿಡದವರ ವಿರುದ್ಧ, ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವರ ವಿರುದ್ಧ ಬರೆದ ಕೈ. ಅದೇ ಕೈ ‘ಒಳಗೆ ಬಿಡಬೇಡಿ’ ಎಂದು ಬರೆಯಿತು. ಒಂದು ಅಕ್ಷರವೂ ತಪ್ಪಿರಲಿಲ್ಲ.

ನಮ್ಮ ಜಗಳ ನಿನಗೆ ನೆನಪಿಲ್ಲದೆ ಇರುತ್ತದೆಯೇ. ಆಗ ನಾವಿನ್ನೂ ತಿಲಕ್ ನಗರದ ಬಾಡಿಗೆ ಮನೆಯಲ್ಲಿದ್ದೆವು. ಫಿಲ್ಟರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು ಎಂದು ನೀನು ಮೈಸೂರುಪಾಕು ತಂದಿದ್ದೆ. ನಾನು ಮುಟ್ಟಲಿಲ್ಲ. ‘ಹೋರಾಟಗಾರನ ಮಗಳು ಬಂಡವಾಳಗಾರನ ಏಜೆಂಟಾ? ಮನೆಮನೆ ಗಂಟೆ ಒತ್ತಿ ಹಲ್ಲು ಕಿರಿಯೋದು ಒಂದು ಕೆಲಸಾನಾ?’ ಎಂದೆ. ಸರ್ಕಾರಿ ಪರೀಕ್ಷೆ ಇನ್ನೊಂದು ಸಲ ಬರೆಯಲಿಲ್ಲ ಎಂಬ ಸಿಟ್ಟನ್ನೆಲ್ಲ ಅದರ ಮೇಲೆ ಸುರಿದೆ. ನೀನು ಮೆಲ್ಲಗೇ ಕೇಳಿದೆ, ‘ಅಪ್ಪ, ನೀನು ಕರಪತ್ರ, ರಸೀದಿ ಪುಸ್ತಕ ಹಿಡ್ಕೊಂಡು ಮನೆಮನೆ ತಿರುಗಿದ್ಯಲ್ಲ, ಆವಾಗ ಜನ ನಿನ್ನ ಮುಖದ ಮೇಲೆ ಬಾಗಿಲು ಹಾಕಿದ್ರಲ್ಲ, ಅದು ಹೆಂಗಿತ್ತು?’ ‘ಹೋಗಾಚೆ’ ಎಂದೆ. ನೀನು ಹೋದೆ.

ನನ್ನ ಅವ್ವ ಮುನಿಯಕ್ಕ ಜಯನಗರದ ಬೀದಿಗಳಲ್ಲಿ ಸೊಪ್ಪು ಮಾರಿ ನನ್ನನ್ನು ಓದಿಸಿದಳು. ಕೆಲವು ಮನೆಯವರು ಸೊಪ್ಪಿನ ಮೇಲೆ ನೀರು ಚಿಮುಕಿಸಿ ಒಳಗೆ ತೆಗೆದುಕೊಂಡು ಹೋಗುತ್ತಿದ್ದರು. ಅವಳು ನಗುತ್ತಲೇ ‘ನಾಳೆ ಕೀರೆ ತರ್ತೀನಿ ಕಣ್ರವ್ವಾ’ ಅನ್ನುತ್ತಿದ್ದಳು. ಆ ನಗು ಹಲ್ಲು ಕಿರಿಯುವುದು ಎಂದು ನಾನು ಯಾವತ್ತೂ ಅಂದುಕೊಳ್ಳಲಿಲ್ಲ. ಆ ಬುಟ್ಟಿಯ ಕಥೆಯನ್ನು ಎಷ್ಟು ವೇದಿಕೆಗಳಲ್ಲಿ ಹೇಳಿದ್ದೇನೆ! ಹೇಳಿದಾಗಲೆಲ್ಲ ಚಪ್ಪಾಳೆ. ಸತ್ತ ಅವ್ವ ಮಾರಿದರೆ ದುಡಿಮೆ, ಬದುಕಿರುವ ಮಗಳು ಮಾರಿದರೆ ಮೋಸ. ಇದು ನನ್ನ ಸಿದ್ಧಾಂತ.

ಈ ಫ್ಲ್ಯಾಟಿಗೆ ಬಂದ ಮೇಲೆ ನಿನ್ನ ಬಗ್ಗೆ ಕೇಳಿದವರಿಗೆಲ್ಲ ‘ಮಗಳು ಹುಬ್ಬಳ್ಳಿಯಲ್ಲಿ ಬ್ಯಾಂಕಿನಲ್ಲಿದ್ದಾಳೆ’ ಎಂದಿದ್ದೆ. ನಿಮ್ಮಮ್ಮ ಆ ಮಾತು ಬಂದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು. ಸೇಲ್ಸ್‌ನವರು ಸುಳ್ಳು ಹೇಳುತ್ತಾರಂತೆ! ನೀನು ಒಂದು ಫಿಲ್ಟರಿನ ಬಗ್ಗೆಯಾದರೂ ಇಷ್ಟು ದೊಡ್ಡ ಸುಳ್ಳು ಹೇಳಿದ್ದೀಯಾ?

ಭರಣಿ ನಾಲ್ಕೇ ದಿನಕ್ಕೆ ಸಿಕ್ಕಿತು. ದಾನಮ್ಮನ ಸೊಸೆ ಸಂಕ್ರಾಂತಿಗೆ ಮುಂಚೆ ಪಾಲಿಶ್ ಮಾಡಿಸಲು ಬೆಳ್ಳಿ ಸಾಮಾನಿನ ಜೊತೆ ಅದನ್ನೂ ಕಟ್ಟಿಟ್ಟಿದ್ದಳಂತೆ. ‘ಸಿಕ್ತು’ ಎಂದು ಗುಂಪಿನಲ್ಲಿ ಹಾಕಿದರು. ಹತ್ತಿಪ್ಪತ್ತು ಜನ ಕೈ ಮುಗಿದರು. ಯಾರಿಗೆ ಕೈ ಮುಗಿದರೋ ಗೊತ್ತಿಲ್ಲ, ನಿನಗಂತೂ ಅಲ್ಲ. ನಾನೂ ಸುಮ್ಮನಿದ್ದೆ.

ಇವತ್ತು ಬೆಳಿಗ್ಗೆ ಕೆಳಗೆ ಬಾವುಟ ಹಾರಿಸಿದರು. ಕಳೆದ ವರ್ಷದಂತೆ ಸಂವಿಧಾನದ ಬಗ್ಗೆ ನನ್ನದೇ ಭಾಷಣ. ಇಲ್ಲೇ ಹೇಳಿಬಿಡಬೇಕು, ಅವಳು ನನ್ನ ಮಗಳು ಅನ್ನಬೇಕು ಎಂದು ಮೆಟ್ಟಿಲು ಇಳಿಯುವಾಗ ಗಟ್ಟಿಮಾಡಿಕೊಂಡಿದ್ದೆ. ಮೈಕು ಕೈಗೆ ಬಂತು. ಸಮಾನತೆ ಎಂದೆ, ಘನತೆ ಎಂದೆ, ಸೋದರಭಾವ ಎಂದೆ. ಲಾಡು ತಿಂದು ಮೇಲೆ ಬಂದೆ. ಬಾಗಿಲಿನಿಂದಲೇ ತಿರುಗಿ ಇಳಿದು ನೇರ ದಾನಮ್ಮನ ಮನೆಗೆ ಹೋದೆ.

‘ಬನ್ನಿ ಸಾರ್, ಭಾಷಣ ತುಂಬ ಚೆನ್ನಾಗಿತ್ತು. ಕಾಫಿ ತರ್ಲಾ?’

‘ಕಾಫಿ ಬೇಡಮ್ಮ. ಭರಣಿ ಮನೇಲೇ ಇತ್ತು, ಆ ಹುಡುಗಿ ತಗೊಂಡಿರ್ಲಿಲ್ಲ ಅಂತ ಒಂದು ಕಾಗದ ಬರೆದು ಸೈನ್ ಮಾಡ್ಕೊಡಿ.’

‘ಗ್ರೂಪಲ್ಲಿ ಹಾಕಿದ್ನಲ್ಲ ಸಾರ್!’

‘ಅವಳ ಕೆಲಸ ಹೋಗ್ತಿದೆ.’

‘ಅಯ್ಯೋ, ಅವ್ರಿಗೇನ್ ಸಾರ್, ಇದಿಲ್ದಿದ್ರೆ ಇನ್ನೊಂದು. ಇವತ್ತು ಫಿಲ್ಟರು, ನಾಳೆ ಸೋಪು. ಒಬ್ಬಳು ಸೇಲ್ಸ್‌ನವಳಿಗೆ ನೀವ್ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರ?’

‘ಅವಳು ನನ್ನ ಮಗಳು.’

ಆಯಮ್ಮ ಸೋಫಾದ ಅಂಚಿಗೆ ಕೂತರು. ‘ಮತ್ತೆ ಹುಬ್ಬಳ್ಳೀಲಿ ಬ್ಯಾಂಕು ಅಂದ್ರಿ?’ ಎಂದರು.

‘ಸುಳ್ಳು ಹೇಳಿದೆ.’

ಎದ್ದು ಪೆನ್ನು ತಂದರು. ಬರೆಯುತ್ತ, ತಲೆ ಎತ್ತದೆ ಹೇಳಿದರು, ‘ನಾನೇ ಹೊಸದು ಕೊಡಮ್ಮ ಅಂದೆ ಸಾರ್. ಅವಳೇ ಬೇಡ ಅಂದ್ಲು. ಇದು ಇನ್ನೊಂದು ವರ್ಷ ಬರುತ್ತೆ ಆಂಟಿ, ಸುಮ್ನೆ ಯಾಕೆ ದುಡ್ಡು ಹಾಕ್ತೀರ ಅಂತ. ಹಂಗಂದೋಳು ಭರಣಿ ಕದೀತಾಳಾ? ನನಗೆ ಅವತ್ತೇ ಹೊಳೀಬೇಕಿತ್ತು.’

ಅವರಿಗೆ ನೀನು ಅರ್ಧ ಗಂಟೆಯ ಪರಿಚಯ. ನನಗೆ ಇಪ್ಪತ್ತೊಂಬತ್ತು ವರ್ಷದ್ದು.

ದಾನಮ್ಮನ ಕಾಗದದ ನಕಲು ಇದರ ಜೊತೆಗಿದೆ. ಮೂಲವನ್ನು ನಾಳೆ ಬೆಳಿಗ್ಗೆ ಜೆ.ಪಿ. ನಗರದ ನಿನ್ನ ಆಫೀಸಿಗೆ ನಾನೇ ತೆಗೆದುಕೊಂಡು ಹೋಗುತ್ತೇನೆ. ಆ ಎಚ್ಚರಿಕೆ ಬರೆದವನು ನಾನು, ಅವಳಪ್ಪ ಎಂದು ಹೇಳುತ್ತೇನೆ. ಒಳಗೆ ಬಿಡದಿದ್ದರೆ ಗೇಟಿನಲ್ಲಿ ಕಾಯುತ್ತೇನೆ. ನೀನು ದಿನಾ ಕಾಯುತ್ತೀಯಲ್ಲ. ಗುಂಪಿಗೂ ಇವತ್ತೇ ಬರೆದು ಹಾಕಿದ್ದೇನೆ, ನಿನ್ನ ಹೆಸರು ಹಾಕಿ, ನನ್ನ ಹೆಸರು ಹಾಕಿ. ತಿರುಮಲೇಶ ಫೋನ್ ಮಾಡಿ ‘ಮೊದಲೇ ಹೇಳೋದಲ್ವಾ ಸಾರ್, ಡಿಲೀಟ್ ಮಾಡ್ತಿದ್ದೆ’ ಎಂದ. ಅವನ ಮಟ್ಟಿಗೆ ತಪ್ಪು ಅಷ್ಟೇ.

ಮನೆಗೆ ಬಾ ಎಂದು ಕರೆಯುವುದಿಲ್ಲ. ನೀನು ಅಮ್ಮನ ಮನೆಗೆ ಯಾವತ್ತು ಬೇಕಾದರೂ ಬಾ, ನಾನು ಮನೆಯಲ್ಲಿದ್ದರೂ ಬಾ. ಎದುರಿಗೆ ಬರಬೇಡ ಎಂದರೆ ರೂಮಿನಲ್ಲಿ ಇರುತ್ತೇನೆ. ನಿನ್ನ ಕಾಲು ಗಟ್ಟಿಯಾಗಿರಲಿ, ನಿನ್ನ ನಾಲಿಗೆ ಯಾರ ಮುಂದೆಯೂ ತಡವರಿಸದಿರಲಿ. ಬುದ್ಧನ ಕರುಣೆ ನನಗೆ ಸಿಗದಿದ್ದರೂ ನಿನ್ನನ್ನು ಕಾಯಲಿ.

ನಿನ್ನ ಅಪ್ಪ
ನರೇಂದ್ರ

ಮರೆತ ಮಾತು: ಮರೆತದ್ದಲ್ಲ, ಮರೆಮಾಚಿದ್ದು. ಬರೆದುಕೊಟ್ಟ ಮೇಲೆ ಫೋಟೊ ಬಂತು ಎಂದು ಮೇಲೆ ಬರೆದಿದ್ದೇನೆ. ಸುಳ್ಳು. ತಿರುಮಲೇಶ ಮೊದಲು ಫೋಟೊವನ್ನು ನನಗೊಬ್ಬನಿಗೇ ಕಳಿಸಿದ್ದ. ಮುಖ ಅರೆಬರೆ ಕಾಣುತ್ತಿತ್ತು, ಆದರೆ ಒಂದು ಕ್ಷಣಕ್ಕೇ ಗುರುತು ಹಿಡಿದೆ. ಮಗಳನ್ನು ಗುರುತಿಸಲು ಮುಖ ಯಾಕೆ ಬೇಕು? ನನ್ನ ಮಗಳು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನರೇಂದ್ರ ಸಾರ್ ಮಗಳು ಸೇಲ್ಸ್‌ನವಳಂತೆ ಅನ್ನುತ್ತಾರೆ, ಆಮೇಲೆ ‘ಅವರ ಜನಾನೇ ಹಂಗೆ’ ಅನ್ನುತ್ತಾರೆ ಎಂದು ಹೆದರಿದೆ. ಆ ಮಾತು ನನ್ನ ಮೇಲೆ ಬೀಳದಿರಲಿ ಎಂದು ಕಳ್ಳತನವನ್ನು ನಿನ್ನ ಮೇಲೆ ಬೀಳಲು ಬಿಟ್ಟೆ. ಎಚ್ಚರಿಕೆಯಲ್ಲಿ ಇನ್ನೂ ಒಂದು ಸಾಲಿತ್ತು, ಮೇಲೆ ಬರೆಯಲು ಕೈ ಬರಲಿಲ್ಲ, ನೀನು ಓದಿಯೇ ಇರುತ್ತೀಯ: ‘ಕೈಯಲ್ಲಿ ಬಚ್ಚಿಟ್ಟುಕೊಂಡಿರುವ ಸ್ಟೀಲ್ ಡಬ್ಬಿಯನ್ನು ಗಮನಿಸಿ.’ ಅದು ನಮ್ಮ ಮನೆಯ ಡಬ್ಬಿ, ಮುಚ್ಚಳದ ಅಂಚು ನಗ್ಗಿರುವುದು. ಒಳಗೆ ನಿಮ್ಮಮ್ಮ ತುಂಬಿಕೊಟ್ಟ ಹಿತಕಿದ ಬೇಳೆ ಸಾರು. ಅವತ್ತು ಬೆಳಿಗ್ಗೆ ಅವರೆಕಾಳು ಹಿತುಕಿಕೊಟ್ಟವನು ನಾನೇ, ಇಬ್ಬರಿಗೆ ಇಷ್ಟೊಂದು ಯಾಕೆ ಎಂದು ನಿಮ್ಮಮ್ಮನನ್ನು ಕೇಳದೆ. ಸಂಜೆ ಗುಂಪಿನಲ್ಲಿ ಎಲ್ಲರೂ ಆ ಡಬ್ಬಿಯೊಳಗೆ ಏನಿದ್ದಿರಬಹುದು ಎಂದು ಊಹಿಸುತ್ತಿದ್ದರು. ನನಗೆ ಗೊತ್ತಿತ್ತು.